ಎದುರುಗಾಳಿ

ಬೆಳಗಿನ ನಾಲ್ಕಕ್ಕೆ ಬಿಯಾವಿಸ್ತೋಕ್ ಬಿಟ್ಟಾಗ
ಬೊಗ್ನಾಳ ಚೀಲದಲ್ಲಿ ಎರಡು ಟ್ಯೂಬು, ಅರ್ಧ ಬ್ರೆಡ್ಡು,
ಬೆನ್ನಿಗೆ ಐವತ್ತೆಂಟು ವರ್ಷ.

ರೈ ಹೊಲ. ಮತ್ತೆ ರೈ ಹೊಲ.
ನಡುವೆಲ್ಲೋ ಹುಲ್ಲು ಕೊಯ್ಯುವ ಟ್ರ್ಯಾಕ್ಟರು,
ಅದರ ಹಿಂದೆ ಕಪ್ಪೆಗಾಗಿ ಕಾದ ಕೊಕ್ಕರೆಗಳು
ಸಂಬಳದ ದಿನದ ಗುಮಾಸ್ತರ ಹಾಗೆ.

ನೂರಾ ಮೂವತ್ತನೇ ಕಿಲೋಮೀಟರಿಗೆ
ಮೀನಖಂಡ ಗಂಟು ಹಾಕಿಕೊಂಡಿತು.
ಕುಂಟುತ್ತ ಸೈಕಲ್ಲು ತಳ್ಳುವವಳನ್ನು
ಬೇಲಿಯಾಚೆಯಿಂದ ಕಂಡ ಮುದುಕ
ಏನೂ ಕೇಳಲಿಲ್ಲ. ಒಳಹೋಗಿ
ಉಪ್ಪುನೀರಲ್ಲಿ ನೆನೆದ ಸೌತೆಯ ಜಾಡಿ ತಂದ.
"ಕಾಯಿ ಆಮೇಲೆ. ಮೊದಲು ನೀರು ಕುಡಿ."
ಸಬ್ಬಸಿಗೆ, ಬೆಳ್ಳುಳ್ಳಿ, ಹಲ್ಲು ಜುಮ್ಮೆನ್ನುವ ಹುಳಿ;
ಕಣ್ಣು ಮುಚ್ಚಿ ಗಟಗಟ ಕುಡಿದಳು,
ಗಲ್ಲದಿಂದ ಕತ್ತಿಗಿಳಿಯಿತು.

"ಎಲ್ಲಿಗೆ ಹೊರಟಿದ್ದು?"
"ಎಲ್ಲಿಗೂ ಇಲ್ಲ. ಸುತ್ತಿ ಮತ್ತೆ ಮನೆಗೇ."
ನಗುತ್ತಾನೆಂದುಕೊಂಡಳು. ಅವನು
ಕೊಯ್ದ ಹೊಲದ ಕಡೆ ನೋಡಿ ಅಂದ:
"ನೇಗಿಲ ಹಿಂದೆ ನಾನೂ
ಅಷ್ಟೇ ಮಾಡಿದ್ದು, ಅರವತ್ತು ವರ್ಷ."

ಸಂಜೆ. ಗಾಳಿ ಇನ್ನೂ ಎದುರಿಗೇ.
ಹೋಗುವಾಗಲೂ ಎದುರಿಗೇ ಇತ್ತಲ್ಲ ದರಿದ್ರದ್ದು,
ಬೈದುಕೊಳ್ಳುತ್ತ ಪೆಡಲು ತುಳಿದಳು.
ತುಟಿಯ ಮೇಲೆ ಯಾವ ಉಪ್ಪು ತನ್ನದು,
ಯಾವುದು ಜಾಡಿಯದು,
ತಿಳಿಯಲಿಲ್ಲ.