ಬಿ-ಏಳು

ಮಂಗಳವಾರ ಮೇಫೀಲ್ಡ್, ಬುಧವಾರ ಪಡೂಕಾ,
ಗುರುವಾರ ನದಿ ದಾಟಿ ಆಚೆ ದಂಡೆಯ ಕೇರೋ.
ಇಪ್ಪತ್ತಾರು ವರ್ಷ ನನ್ನ ಸುತ್ತು ಇದೇ.
ಹೋಟೆಲು, ಬಾರು, ಬಸ್‌ಸ್ಟ್ಯಾಂಡುಗಳ
ಹಾಡಿನ ಪೆಟ್ಟಿಗೆಗಳ ಬೀಗ ತೆಗೆದು
ಚಿಲ್ಲರೆ ಎಣಿಸುವುದು:
ಅರ್ಧ ಅಂಗಡಿಯವರಿಗೆ, ಅರ್ಧ ಕಂಪನಿಗೆ.
ಸಂಗೀತದ ಬಗ್ಗೆ ನನ್ನನ್ನು ಕೇಳಬೇಡಿ.
ಯಾವ ತಟ್ಟೆ ಎಷ್ಟು ಸವೆದಿದೆ, ಕೇಳಿ, ಹೇಳುತ್ತೇನೆ.

ಪೆಟ್ಟಿಗೆಯ ಬಾಗಿಲ ಒಳಮೈಗೆ
ಗಿರಾಕಿಗೆ ಕಾಣದ ಒಂದು ಲೆಕ್ಕದ ಮುಳ್ಳು.
ಯಾವ ಹಾಡಿಗೆ ಎಷ್ಟು ಕಾಸು ಬಿತ್ತೆಂದು
ಬರೆದಿಡುತ್ತದೆ ಚಿತ್ರಗುಪ್ತನ ಹಾಗೆ,
ಪಾಪ ಪುಣ್ಯದ ಗೊಡವೆ ಮಾತ್ರ ಅದಕ್ಕಿಲ್ಲ.

ವೆಂಡೆಲ್ ಸ್ಟ್ರೌಡ್ ಆ ಹಾಡು ಹಾಡಿದಾಗ ಅವನಿಗೆ ಹತ್ತೊಂಬತ್ತು.
ಟೈರ್ ಗೋದಾಮಿನಲ್ಲಿ ಕೆಲಸ, ತಲೆಗೆ ಅರ್ಧ ಡಬ್ಬಿ ಎಣ್ಣೆ.
ಕಾರಿನ ಮೇಲೆ ಹಾಡು, ಕಾರಿರಲಿಲ್ಲ.
ಹುಡುಗಿಯ ಮೇಲೆ ಹಾಡು. ಅವಳೂ ಇರಲಿಲ್ಲವೆಂದು
ಆಮೇಲೆ ತಿಳಿಯಿತು.
ಎರಡು ನಿಮಿಷ ಹನ್ನೊಂದು ಸೆಕೆಂಡು
ಡ್ರಮ್ಮು ಬೆನ್ನಟ್ಟಿ ಬಂದಂತೆ ಓಟ,
ಎರಡನೇ ನುಡಿಯ ಕೊನೆಗೆ
ಬಾಲ ತುಳಿಸಿಕೊಂಡ ಬೆಕ್ಕಿನ ಕೂಗು.
ಪಾದ್ರಿಗಳು ಬೈದರು. ಮುಳ್ಳು ಸಾವಿರ ದಾಟಿತು.

ಆಮೇಲೆ ಅವನು ಹ್ಯಾಟು ಹಾಕಿದ.
ಬೆನ್ನಿಗೆ ಮಂಡಿಯ ಮೇಲೆ ಮಲಗಿಸಿ ನುಡಿಸುವ ಗಿಟಾರು,
ಬಾಯಲ್ಲಿ ಮುರಿದ ಮದುವೆ, ಲಾರಿ, ಬಾಕಿ ಉಳಿದ ಬಾಡಿಗೆ.
ರಾಕ್ ಹುಡುಗರು ದ್ರೋಹಿ ಎಂದರು.
ಪಡೂಕಾ ರೇಡಿಯೋದವನು ತಟ್ಟೆಯನ್ನು
ಮೈಕಿನ ಮುಂದೆಯೇ ಲಟ್ಟನೆ ಮುರಿದ, ಎರಡು ಸಲ.
ಮೊದಲ ಸಲ ಸದ್ದು ಸರಿ ಬರಲಿಲ್ಲವಂತೆ.
ಕಂಟ್ರಿಯವರೋ, ಹೊಸ ಸೊಸೆಯ ಅಡುಗೆ ಮೂಸುವವರಂತೆ
ಹತ್ತಿರ ಬಂದು ಅವನ ಕೂದಲು ನೋಡಿದರು:
ಎಣ್ಣೆ ಇನ್ನೂ ಹೋಗಿಲ್ಲ.
ಕಂಪನಿ ನನಗೆ ಹೇಳಿತು, ಹಳೆಯದು ತೆಗೆ, ಹೊಸದು ಹಾಕು.

ಮೇಫೀಲ್ಡಿನ ಲುಡೆಲ್ ಬಿಡಲಿಲ್ಲ.
ಕೈಯಲ್ಲಿ ಕಾಫಿಯ ಕೆಟಲು, ಮುಖದ ಮುಂದೆ ಹಬೆ:
"ಬಿ-ಏಳು ಮುಟ್ಟಿದರೆ, ಬರ್ಲ್, ನಿನಗಿಲ್ಲಿ ಪೈ ಇಲ್ಲ."
ಪೈ ಚೆನ್ನಾಗಿತ್ತು. ಮುಟ್ಟಲಿಲ್ಲ.

ಆ ತಟ್ಟೆಗೆ ಒಂದು ಗೀರಿತ್ತು.
ನನ್ನದೇ ಸ್ಕ್ರೂಡ್ರೈವರ್ ತಾಗಿದ್ದು, ಯಾರಿಗೂ ಹೇಳಿಲ್ಲ.
ಮೂರನೇ ನುಡಿಯಲ್ಲಿ "ನಾಳೆ" ಎಂಬ ಮಾತು ಬರುವಲ್ಲಿ
ಸೂಜಿ ನೆಗೆದು ಆಚೆ ಬೀಳುತ್ತಿತ್ತು.
ನಾಳೆ ಬರುತ್ತೇನೆ ಎಂದು ಅವನು ಹಾಡಿದ್ದು
ಮೇಫೀಲ್ಡಿನಲ್ಲಿ ಬರುತ್ತೇನೆ, ಅಷ್ಟೇ ಆಯಿತು.
ಊರ ಮಕ್ಕಳು ಹಾಗೇ ಕಲಿತರು.
ತಂಬಾಕಿನ ಗೋದಾಮಿನಲ್ಲಿ ಎಲೆ ಕಟ್ಟುವ ಹೆಂಗಸರು
ಹಾಗೇ ಗುನುಗಿದರು.
ಲುಡೆಲ್‌ಳ ತಮ್ಮ ಕಾರ್ಲಿಸ್ ಯುದ್ಧಕ್ಕೆ ಹೊರಟ ಬೆಳಗ್ಗೆ
ಹಾಕಿದ ಕಾಸು ಇದಕ್ಕೇ.
ಮುಂದಿನದು ಅವಳು ಹೇಳಳು. ನಾನು ಕೇಳೆ.

ಎಂಬತ್ತೆರಡರ ನವೆಂಬರು,
ಬಸ್ಸಿನ ರೇಡಿಯೇಟರ್ ಕೆಟ್ಟು
ಸ್ಟ್ರೌಡ್ ಅವಳ ಹೋಟೆಲಿಗೇ ಬಂದ.
ಮೊಟ್ಟೆ ತಿಂದ. ಯಾರೋ ಗಿಟಾರು ತಂದರು.
ಮೊದಲು ಹೊಸ ಹಾಡುಗಳು, ಒಳ್ಳೆಯವೇ.
ಊಟಕ್ಕೆ ಮುಂಚಿನ ಪ್ರಾರ್ಥನೆ ಕೇಳುವಂತೆ ಜನ
ಮರ್ಯಾದೆಯಿಂದ ಕೇಳಿದರು, ಕೈ ಚಮಚದ ಹತ್ತಿರವೇ ಇಟ್ಟು.

ಕೊನೆಗೆ ಅದನ್ನೇ ಎತ್ತಿಕೊಂಡ, ನಿಧಾನವಾಗಿ,
ಮೊಣಕಾಲು ನೋವಿನವನು ಮೆಟ್ಟಿಲಿಳಿದ ಹಾಗೆ.
ಕೂಗಿನ ಜಾಗದಲ್ಲಿ ಬರೀ ಉಸಿರು.
ಇದು ಮೊದಲಿನಿಂದಲೂ ದುಃಖದ ಹಾಡೇ ಆಗಿತ್ತಲ್ಲ,
ನಾವೇ ಓಟದಲ್ಲಿ ಗಮನಿಸಿರಲಿಲ್ಲ.
ಮೂರನೇ ನುಡಿ ಬಂತು.
ಇಡೀ ಹೋಟೆಲು ಆ ಮಾತು ಹಾರಿ ಆಚೆ ದಡದಲ್ಲಿತ್ತು;
"ನಾಳೆ" ಎನ್ನುತ್ತ ಅವನೊಬ್ಬನೇ ಈಚೆ.

ನಿಲ್ಲಿಸಿದ. ಸುತ್ತ ನೋಡಿದ.
"ಇಲ್ಲಿ ಹೀಗಾ ಹಾಡುವುದು?"
"ಇಲ್ಲಿ ಹಾಡೇ ಹೀಗೆ," ಎಂದಳು ಲುಡೆಲ್.
ನಾನು ಪೈ ನೋಡುತ್ತಿದ್ದೆ.
ಮೂರನೇ ನುಡಿಯನ್ನು ಅವನು ಮತ್ತೆ ಶುರುಮಾಡಿದ,
ನಮ್ಮ ಜೊತೆಗೇ ಹಾರಿದ.

ಆ ತಿಂಗಳು ಬಿ-ಏಳು ನಾನೂರ ಹನ್ನೆರಡು ಸಲ.
ಅದರಲ್ಲೊಂದು ಅವನದೇ,
ಬಿಲ್ಲು ಕೊಟ್ಟು ಹೋಗುವಾಗ ಹಾಕಿದ್ದು.
ಆ ಕಾಸಿನಲ್ಲೂ ಅರ್ಧ ಕಂಪನಿಗೆ ಹೋಯಿತು.