ಕೆನ್ನೆಗೆ ಒತ್ತಿ ನೋಡಿದ್ದು

ಜಿಲ್ಲಾ ಕಬಡ್ಡಿಗೆಂದು ಕೊಟ್ಟ ನೀಲಿ ಜರ್ಸಿ
ಮಿರಮಿರ ಮಿಂಚುತ್ತಿತ್ತು.
ಹಾಕಿದ ಹತ್ತೇ ನಿಮಿಷಕ್ಕೆ
ಕತ್ತಿನ ಸುತ್ತ, ಮೊಣಕೈ ಮಡಿಕೆಯಲ್ಲಿ
ಕೆಂಪು ದದ್ದು.
ರೈಡಿಗೆ ಹೋದವಳು ಉಸಿರು ಬಿಟ್ಟು ಕೆರೆದುಕೊಂಡೆ.
ಔಟ್.
‘ಏನಮ್ಮ ತಬಸ್ಸುಮ್, ಇರುವೆ ಕಡೀತಾ?’
ಗೋವಿಂದರೆಡ್ಡಿ ಸರ್ ಕೇಳಿದರು.

ಶಿಡ್ಲಘಟ್ಟದ ಬಟ್ಟೆ ಅಂಗಡಿಯಲ್ಲಿ ಅಮ್ಮಿ
ಬನಿಯನ್ನುಗಳನ್ನೆಲ್ಲ ಬಿಡಿಸಿ ಹರವಿಸಿದಳು.
ಬೆರಳಲ್ಲಿ ಮುಟ್ಟಿ ನೋಡಲಿಲ್ಲ.
ಇಪ್ಪತ್ತು ವರ್ಷ ಬಿಸಿನೀರ ಬಾಣಲೆಯಲ್ಲಿ
ಗೂಡಿನ ಎಳೆ ಹುಡುಕಿದ ಬೆರಳಿಗೆ
ಗೋಣಿಯೂ ಒಂದೇ, ಮಲ್ಲೂ ಒಂದೇ.
ಕೆನ್ನೆಗೆ ಒತ್ತಿ ಕಣ್ಣು ಮುಚ್ಚಿದಳು:
‘ಇದು ಬೆವರು ಕುಡಿಯಲ್ಲ.
ಇದರ ಹೊಲಿಗೆ ಗರಗಸ.
ಇದು... ಹತ್ತಿ. ನೂರೈವತ್ತಾ? ನೂರಿಪ್ಪತ್ತು ಮಾಡ್ಕೊಳ್ಳಿ.’

ಮನೆಗೆ ಬಂದು
ಕತ್ತಿನ ಲೇಬಲನ್ನು ಹಲ್ಲಲ್ಲೇ ಕಿತ್ತಳು,
ಸೋಪಿಲ್ಲದೆ ಮೂರು ಸಲ ಜಾಲಿಸಿದಳು.

ಬಣ್ಣ ತಂಡದ್ದಲ್ಲ; ಸರ್ ಗೊಣಗಿ
‘ಒಳಗೆ ಹಾಕ್ಕೊ’ ಅಂದರು.
ಹಿಡಿಯುವವರು ಜರ್ಸಿ ಹಿಡಿಯುತ್ತಾರೆ,
ಅದರಡಿ ನನ್ನ ಮೈ ತಣ್ಣಗಿರುತ್ತದೆ.

ರೇಷ್ಮೆ ಆಗಲ್ವಾ ಅಮ್ಮಿ? ಒಮ್ಮೆ ಕೇಳಿದ್ದೆ.
ನಕ್ಕಳು, ಬಾಣಲೆಯಿಂದ ತಲೆ ಎತ್ತದೆ:
‘ಅದು ಹುಳ ತನಗೇಂತ ಹೊಲ್ಕೊಂಡ ಅಂಗಿ.
ನಾವು ಬಿಚ್ಚೋರು ಅಷ್ಟೆ.’