ಹೆಪ್ಪು

ಈ ಊರಿಗೆ ಎಮ್ಮೆಯ ಹೆಸರು. ಬಫಲೋ.
ಕರಾವು ನಿಂತು ಹನ್ನೊಂದು ವರ್ಷ.
ಸಮುದ್ರದಂಥ ಸರೋವರ ಜನವರಿಯಲ್ಲಿ ಹೊಗೆಯಾಡುತ್ತದೆ,
ಮೈದಾನದ ಮೇಲೆ ಸೊಂಟದೆತ್ತರ ಹಿಮ,
ಹೋಮ್ ಪ್ಲೇಟ್ ಎಲ್ಲಿದೆಯೆಂದು
ಹುಲ್ಲು ಕಾಯುವ ಓರ್‌ವಿಲ್‌ಗೆ ಮಾತ್ರ ಗೊತ್ತು.

ಮಾರ್ಗೊ ಲಿಂಡ್‌ಕ್ವಿಸ್ಟ್, ನೀನು ಹೊಸ ಯಜಮಾನಿ,
ನಾನು ಸಂಬಳದ ಲೆಕ್ಕ ಬರೆಯುವವಳು,
ಮೂರನೇ ಮಹಡಿ, ಹೀಟರಿನ ಪಕ್ಕದ ಮೇಜು.
ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ,
ಕಾಫಿ ಆರುವುದರೊಳಗೆ.

ಕೋಲ್ ಹ್ಯಾವರ್ಟಿಯ ಏಜೆಂಟು ಬಂದಿದ್ದನಂತೆ.
ಏಳು ವರ್ಷ, ನೂರ ಎಂಬತ್ತು ಮಿಲಿಯನ್.
ಒಪ್ಪುತ್ತೇನೆ, ಅವನು ಹೊಡೆದ ಚೆಂಡು
ಪಕ್ಕದ ಕೌಂಟಿಯಲ್ಲಿ ಬೀಳುತ್ತದೆ.
ಆದರೆ ಅವನ ಹಿಂದೆ ಮುಂದೆ ಯಾರಿದ್ದಾರೆ?
ಬೇಸಿನ ಮೇಲೆ ಒಬ್ಬನೂ ಇಲ್ಲದಾಗ
ಎಷ್ಟು ದೂರ ಹೋದರೂ ಅದು ಒಂದೇ ರನ್ನು.
ನಮ್ಮ ಹುಡುಗರು ಇನ್ನೂ ಕೆಳಗಿನ ಲೀಗುಗಳಲ್ಲಿ
ಬಸ್ಸಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಾರೆ.
ಅವರು ಬಂದು ತಲುಪುವ ಹೊತ್ತಿಗೆ
ಕೋಲ್‌ಗೆ ಮೂವತ್ತಾರು, ಅವನ ಸೊಂಟಕ್ಕೆ ಐವತ್ತು.
ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡ,
ಅದೂ ಇಷ್ಟು ಚಿನ್ನದ ದಾರದಲ್ಲಿ.

ವಿಕ್ ಸ್ಟಾನೆಕ್ ನೆನಪಿದೆಯೇ? ನಿನಗೆ ಇರಲಾರದು.
ನನಗಿದೆ. ಪ್ರತಿ ತಿಂಗಳ ಹದಿನೈದಕ್ಕೆ
ಅವನ ಚೆಕ್ಕಿನ ಲಕೋಟೆಗೆ ಅಂಟು ಹಚ್ಚುವವಳು ನಾನು.
ಆಡುವುದು ಬಿಟ್ಟು ನಾಲ್ಕು ವರ್ಷವಾಯಿತು.
ಐಡಹೋದಲ್ಲಿ ಮೀನು ಹಿಡಿಯುತ್ತಾನೆ,
ಕ್ರಿಸ್‌ಮಸ್ಸಿಗೆ ಫೋಟೋ ಕಳಿಸುತ್ತಾನೆ, ಒಳ್ಳೆಯ ಮನುಷ್ಯ,
ಒಂದೊಂದು ಮೀನೂ ನಮ್ಮ ದುಡ್ಡಿನದು.
ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಹಾಗಂತ ಗಲ್ಲಾಪೆಟ್ಟಿಗೆಗೆ ಬೀಗ ಜಡಿದು ಕೂರು ಅನ್ನುವುದಿಲ್ಲ.
ಹಿಂದಿನವನು ಅದನ್ನೂ ಮಾಡಿ ನೋಡಿದ.
ನೂರ ಒಂಬತ್ತು ಸೋಲು.
ಹಾಲು ಎಷ್ಟೇ ಗಟ್ಟಿಯಿರಲಿ, ಸುಮ್ಮನೆ ಬಿಟ್ಟರೆ
ಒಡೆಯುತ್ತದೆ, ಮೊಸರಾಗುವುದಿಲ್ಲ.
ಡೆಸ್ಮಂಡ್ ಟಲ್ಲಿ, ಇಪ್ಪತ್ತರ ಹುಡುಗ,
ತೊಂಬತ್ತೆಂಟು ಮೈಲಿಯ ಎಸೆತ;
ಸೆಪ್ಟೆಂಬರಿನಲ್ಲಿ ಎರಡು ವಾರಕ್ಕೆ ಕರೆಸಿಕೊಂಡಾಗ
ಚೆಂಡು ಎಲ್ಲಿ ಹೋಗುತ್ತದೆಂದು
ಅವನಿಗೂ ಗೊತ್ತಿರಲಿಲ್ಲ, ನೋಡುವವರಿಗೂ.
ಮೂರನೇ ಸಾಲಿನ ಮುದುಕಿ
ಮರುದಿನ ಹೆಲ್ಮೆಟ್ ಹಾಕಿಕೊಂಡು ಬಂದಳು.

ಅದಕ್ಕೇ ಹೇಳುವುದು: ಮೊಸರು ಕೊಳ್ಳಬೇಡ.
ಒಂದು ಚಮಚ ಹೆಪ್ಪು ತಾ.

ಎಫ್ರೆಯಿನ್ ಕಿಂಟೆರೊ. ಕ್ಯಾಚರ್. ಮೂವತ್ತೇಳು.
ಫೆಬ್ರವರಿವರೆಗೂ ಮಾರುಕಟ್ಟೆಯಲ್ಲಿ ಉಳಿಯುತ್ತಾನೆ,
ಯಾರೂ ಮೂಸಿ ನೋಡುವುದಿಲ್ಲ.
ಕೂತರೆ ಮಂಡಿ ಒಣ ಸೌದೆಯಂತೆ ಲಟಲಟ,
ಬ್ಯಾಟಿಂಗ್ ಸರಾಸರಿ ಹೇಳಿದರೆ ನಗುತ್ತೀ.
ಆದರೆ ಎಸೆಯುವವನ ಭುಜ ನೋಡಿಯೇ
ಅವನು ರಾತ್ರಿ ಅಮ್ಮನಿಗೆ ಫೋನ್ ಮಾಡಿದ್ದನೋ ಇಲ್ಲವೋ ಹೇಳಬಲ್ಲ.
ಒಂದೇ ವರ್ಷಕ್ಕೆ ಬರೆದುಕೋ. ಎರಡು ಮಿಲಿಯನ್.
ಹೆಪ್ಪು ಹೆಚ್ಚಾದರೆ ಹುಳಿ.
ಹಾಲು ಸುಡುವಾಗ ಹಾಕಿದರೂ ಕೆಟ್ಟಿತು,
ತಣ್ಣಗಾದ ಮೇಲೆ ಹಾಕಿದರೂ.
ಉಗುರುಬೆಚ್ಚಗೆ, ಅಷ್ಟೇ. ಏಪ್ರಿಲ್‌ನಲ್ಲಿ ಕೂರಿಸು.
ಜುಲೈ ಕೊನೆಗೆ ಗೆಲ್ಲುವ ಊರಿನವರು ಯಾರೋ
ಅವನನ್ನು ಬೇಡಿಕೊಂಡು ಬರುತ್ತಾರೆ;
ಕೊಟ್ಟುಬಿಡು, ಹತ್ತೊಂಬತ್ತರ ಒಬ್ಬನನ್ನು ಈಚೆಗೆ ಎಳೆದುಕೋ.

ಇಷ್ಟು ಲೆಕ್ಕ. ತಪ್ಪಿಲ್ಲ, ಮೂರು ಸಲ ಕೂಡಿಸಿದ್ದೇನೆ.

ಲೆಕ್ಕಕ್ಕೆ ಬರದದ್ದು ಒಂದಿದೆ. ಆ ಜುಲೈ ಸಂಜೆ
ಕೊನೆಯ ಚೆಕ್ಕಿಗೆ ಅವನು ನನ್ನ ಮೇಜಿಗೆ ಬರುತ್ತಾನೆ,
ಮೂರು ಮಹಡಿ ಮೆಟ್ಟಿಲು, ಲಟಲಟ, ನಿಂತು ನಿಂತು.
ಬಾಡಿಗೆ ಮನೆಯ ಠೇವಣಿ ವಾಪಸ್ ಸಿಕ್ಕೀತೇ,
ಮಗಳ ಸೈಕಲ್ಲು ವಿಮಾನಕ್ಕೆ ಹಾಕಬಹುದೇ
ಎಂದೆಲ್ಲ ನನ್ನನ್ನು ಕೇಳುತ್ತಾನೆ.
ಅದಕ್ಕೆ ಉತ್ತರ ಹೇಳಬೇಕಾದವಳು ನೀನು.
ಅವನು ಮೆಟ್ಟಿಲು ಹತ್ತುವ ಮೊದಲು
ನೀನೇ ಇಳಿದು ಹೋಗು.

ಆ ರಾತ್ರಿಯೇ ಡೆಸ್ಮಂಡ್ ಎಸೆಯಬೇಕು,
ಬೇರೆ ಯಾರದೋ ಗ್ಲವ್ವಿಗೆ.
ಚೆಂಡು ಹೋಗಬೇಕಾದಲ್ಲಿ ಹೋಯಿತೆನ್ನು,
ಹೆಪ್ಪು ಎಲ್ಲಿ ಎಂದು ಯಾರೂ ಕೇಳುವುದಿಲ್ಲ.

ಕಾಫಿ ಆರಿತು. ಕಿಟಕಿಯಾಚೆ ಓರ್‌ವಿಲ್
ಸಲಿಕೆ ಹಿಡಿದು ಅಲ್ಲೊಂದು ಕಡೆ ಅಗೆದ,
ಇಲ್ಲೊಂದು ಕಡೆ ಅಗೆದ.
ಅವನಿಗೂ ಮರೆತಿರಬೇಕು.